ಎಣ್ಣೆ ಇಡುವ ಹೊತ್ತು

"ಎಣ್ಣೆ ಇಡುದಾ ಅಣ್ಣ?" ಸಂಸ್ಥೆಯ ಕ್ಯಾಂಟೀನಿನಿಂದ ಅಡುಗೆಭಟ್ಟ ಪ್ರವೀಣನ ಸಂದೇಶ ಮತ್ತೆ ಬಂತು. ಸಭಾಂಗಣದ ಕೊನೆಯ ಸಾಲಿನಲ್ಲಿ ಕುಳಿತಿದ್ದ ಕಿಟ್ಟಣ್ಣ "ತಡಿ ಮಾರಾಯ" ಎಂದು ಒತ್ತಿ ಕಳಿಸಿದರು.

ಮುಂದೆ ಮಗಳು ವೀಕ್ಷಾಳ ಪಿಎಚ್‌ಡಿಯ ಮೌಖಿಕ ಪರೀಕ್ಷೆ. ನೋಡಲು ಯಾರು ಬೇಕಾದರೂ ಬರಬಹುದು. ಮುಗಿದ ಮೇಲೆ ಬಂದವರಿಗೆಲ್ಲ ತಿಂಡಿ ಕೊಡುವುದು ಮಾತ್ರ ಅಭ್ಯರ್ಥಿಯ ಪಾಲಿನ ಧರ್ಮ. ಚೆನ್ನೈಯ ಪೆರುಂಗುಡಿಯಲ್ಲಿ ಹೋಟೆಲಿಟ್ಟವರ ಮಗಳು ಬೇಕರಿಯ ಸಮೋಸ ಹಂಚುವುದುಂಟೇ? ಮಂಗಳೂರು ಕಡೆಯ ಮೈದಾ ಬೋಂಡ, ಗೋಳಿಬಜೆಯನ್ನೇ ಬಿಸಿಬಿಸಿ ಕರಿಯುವುದೆಂದು ತೀರ್ಮಾನವಾಗಿತ್ತು. ಗೋಳಿಬಜೆ ಆರಿದರೆ ಕೆಟ್ಟಿತು. ಮಗಳು ಫೇಲಾದರೆ ಬಿಸಿಯಿದ್ದರೂ ಗಂಟಲಲ್ಲಿ ಇಳಿಯದು.

ಪರದೆಯ ಮೇಲೊಂದು ಗೆರೆ. ಭಾರೀ ಕಪ್ಪುಕುಳಿಯ ಸುತ್ತ ತಟ್ಟೆಯಂತೆ ಗಿರಕಿ ಹೊಡೆಯುವ ಅನಿಲದಲ್ಲಿರುವ ಕಬ್ಬಿಣ ಸೂಸುವ ಎಕ್ಸ್‌-ರೇ ಅದು. ನೆಟ್ಟಗೆ ನಿಲ್ಲಬೇಕಾದದ್ದು ಒಂದು ಬದಿಗೆ ಬಾಲ ಎಳೆದುಕೊಂಡಿತ್ತು.

"ಕುಳಿಯಿಂದ ಏನೂ ಹೊರಬರುವುದಿಲ್ಲ," ವೀಕ್ಷಾ ಇಂಗ್ಲಿಷಿನಲ್ಲಿ ಹೇಳಿದಳು. "ಅದರ ಗುರುತ್ವಕ್ಕೆ ಅಂಚಿನ ಬೆಳಕು ಎಷ್ಟು ಜಗ್ಗಿದೆ ಎಂದು ನೋಡಿಯೇ ಅದರ ಸಂಗತಿ ತಿಳಿಯಬೇಕು."

"ಆ ಬಾಲ ಗುರುತ್ವದ್ದೇ ಎಂದು ಏನು ಖಾತ್ರಿ?" ಪುಣೆಯಿಂದ ಬಂದಿದ್ದ ಪರೀಕ್ಷಕರು ತಡೆದರು. "ನಡುವೆ ಅನಿಲದ ಮೋಡ ಅಡ್ಡ ಬಂದರೂ ಹೀಗೇ ಕಂಡೀತು."

ವೀಕ್ಷಾ ಒಂದು ಗುಟುಕು ನೀರು ಕುಡಿದಳು. "ಕುಳಿಯ ಬಳಿ ಹೊಳಪು ಏರಿದ ತುಸು ಹೊತ್ತಿಗೇ ಬಾಲವೂ ಏರುತ್ತದೆ, ಸರ್. ದೂರದ ಮೋಡಕ್ಕೆ ಅಷ್ಟು ಬೇಗ ಸುದ್ದಿ ಮುಟ್ಟುವುದಿಲ್ಲ."

ಕಿಟ್ಟಣ್ಣನಿಗೆ ಅರ್ಥವಾದದ್ದು 'ಸರ್' ಒಂದೇ. ಅವರು ಪರೀಕ್ಷಕರ ಮುಖ ನೋಡುತ್ತಿದ್ದರು. ಮೊದಲ ತುತ್ತಿಗೇ ಹೊಗಳುವ ಗಿರಾಕಿಯನ್ನು ಅವರು ಎಂದೂ ನಂಬಿದವರಲ್ಲ. ಮಾತು ನಿಲ್ಲಿಸಿ ತಟ್ಟೆಗೆ ಬಗ್ಗುತ್ತಾನಲ್ಲ, ಅವನು ಮತ್ತೆ ಬಂದೇ ಬರುತ್ತಾನೆ. ಪರೀಕ್ಷಕರು ಮಾತು ನಿಲ್ಲಿಸಿ ಚಿತ್ರದತ್ತ ಬಗ್ಗಿದ್ದರು.

"ಇಡು," ಎಂದು ಕಿಟ್ಟಣ್ಣ ಪ್ರವೀಣನಿಗೆ ಕಳಿಸಿದರು.

ಸ್ವಲ್ಪ ಹೊತ್ತಿಗೆ ಎಲ್ಲರನ್ನೂ ಹೊರಗೆ ಕಳಿಸಿ, ಪರೀಕ್ಷಕರೆಲ್ಲ ಚರ್ಚೆಗೆಂದು ಬಾಗಿಲು ಹಾಕಿಕೊಂಡರು. ಮೊಗಸಾಲೆಯಲ್ಲಿ ನಿಂತ ವೀಕ್ಷಾ ಮೂಗರಳಿಸಿದಳು.

"ಐಯೋ ಅಪ್ಪಾ, ವಾಸನೆ ಬರ್ತಾ ಉಂಟು. ರಿಸಲ್ಟೇ ಬರಲಿಲ್ಲ, ಯಾರು ಹೇಳಿದ್ದು ನಿಮಗೆ?"

"ಅವರ ಮುಖ."

"ತಪ್ಪಾದ್ರೆ?"

"ನಾವೇ ತಿನ್ನುವ."

ಒಳಗಿನಿಂದ ಒಂದು ಪಿಸುಮಾತೂ ಹೊರಬರಲಿಲ್ಲ. ಗೋಳಿಬಜೆಯ ಪರಿಮಳ ಮಾತ್ರ ಬಾಗಿಲ ಸಂದಿಯಲ್ಲಿ ನುಸುಳಿ ಒಳಗೆ ಹೋಯಿತು.

ಬಾಗಿಲು ತೆರೆಯಿತು. "ಕಂಗ್ರಾಚುಲೇಷನ್ಸ್, ಡಾಕ್ಟರ್ ವೀಕ್ಷಾ," ಎಂದು ಕೈಕುಲುಕಿದ ಪುಣೆಯ ಪರೀಕ್ಷಕರ ಕಣ್ಣು ಅವಳ ಭುಜದಾಚೆ, ಪ್ರವೀಣ ಹೊತ್ತು ತರುತ್ತಿದ್ದ ತಟ್ಟೆಯ ಸುತ್ತಲೇ ತಿರುಗುತ್ತಿತ್ತು.