ಬೇರೆ ಜುಮ್ಮು

ನಲ್ಲಿಗೆ ಟೆಸ್ಟರ್ ತಾಗಿಸಿದ ಕೂಡಲೇ ಅದರ ಹಿಡಿಯೊಳಗಿನ ಪುಟ್ಟ ದೀಪ ಕೆಂಪಗೆ ಕಣ್ಣುಬಿಟ್ಟಿತು. ವೈರಿಂಗಿನವನು ಕೈ ಹಿಂದಕ್ಕೆಳೆದುಕೊಂಡು, ಇನ್ನೊಮ್ಮೆ ತಾಗಿಸಿ ನೋಡಿದ. ಮತ್ತೆ ಕೆಂಪು. ಬೀದಿಯವರೆಲ್ಲ ಅವನನ್ನು ಮಿಂಚಣ್ಣ ಎನ್ನುತ್ತಿದ್ದರು. ಬಾಯಿ ಮುಚ್ಚಿಕೊಂಡು ಕೆಲಸ ಮಾಡಿ ಗೊತ್ತಿಲ್ಲದ ಆಸಾಮಿ. ಮಾತಿಗೊಂದು ತಮಾಷೆ.

“ಅಕ್ಕಾ, ಸ್ವಲ್ಪ ಹಿಂದಕ್ಕೆ ಸರೀರಿ,” ಎಂದ. “ಈ ನಲ್ಲೀಲಿ ನೀರಷ್ಟೇ ಅಲ್ಲ, ಕರೆಂಟೂ ಬರ್ತಿದೆ.”

ಬಚ್ಚಲುಮನೆಯ ಬಾಗಿಲಲ್ಲಿ ನಿಂತಿದ್ದ ಸೊಸೆ ನಕ್ಕುಬಿಟ್ಟಳು. ಇದೂ ಅವನ ತಮಾಷೆಯೇ ಇರಬೇಕು ಎಂದುಕೊಂಡಳು. ಅವನನ್ನು ಕರೆಸಿದ್ದು ಬಟ್ಟೆ ಒಗೆಯುವ ಮೆಷಿನ್ನಿಗೆ ಒಂದು ಪಾಯಿಂಟ್ ಹಾಕಿಸಲು, ಅತ್ತೆಯ ಸ್ನಾನದ ಸ್ಟೂಲು ಇರುತ್ತಿದ್ದ ಮೂಲೆಯಲ್ಲಿ. ಅತ್ತೆ ಹೋಗಿ ಇನ್ನೂ ವರ್ಷ ತುಂಬಿರಲಿಲ್ಲ.

ಮಿಂಚಣ್ಣ ನಗಲಿಲ್ಲ. ಹೊರಗೆ ಹೋಗಿ ಮೇನ್ ಇಳಿಸಿ ಬಂದು, ಗೀಸರಿನ ಪ್ಲಗ್ ಸಿಕ್ಕಿಸುವ ಸಾಕೆಟ್ಟಿನ ಮುಚ್ಚಳ ಬಿಚ್ಚಿದ. “ನೋಡಿ, ತೂತು ಮೂರಿದೆ, ತಂತಿ ಎರಡಕ್ಕೇ. ಮೂರನೇದು ಬರೀ ಶೋಕಿಗೆ. ಹಳೇ ಕಾಲದ ವೈರಿಂಗು, ಇಡೀ ಮನೇಗೇ ಅರ್ತಿಂಗ್ ಇಲ್ಲ. ಗೀಸರ್ ಒಳಗೆ ಕಾಯಿಲ್ ಕೆಟ್ಟಿದೆ. ಅಲ್ಲಿ ಸೋರಿದ ಕರೆಂಟಿಗೆ ನೆಲಕ್ಕಿಳಿಯೋಕೆ ದಾರಿ ಇಲ್ದೆ, ಪೈಪ್ ಹಿಡ್ಕೊಂಡು ನಲ್ಲಿಗೆ ಬಂದು ಕೂತಿದೆ. ಇಷ್ಟು ದಿನ ಯಾರಿಗೂ ಜುಮ್ ಅಂದಿಲ್ವಾ?”

ಸೊಸೆಯ ನಗು ಇದ್ದಲ್ಲೇ ನಿಂತಿತು.

ಅಂದಿತ್ತು. ಅತ್ತೆಗೆ ಅಂದಿತ್ತು. ಸಕ್ಕರೆ ಕಾಯಿಲೆಯಿಂದ ಅತ್ತೆಯ ಕೈಕಾಲು ಹಗಲೂ ರಾತ್ರಿ ಜುಮುಜುಮು ಎನ್ನುತ್ತಿತ್ತು; ಡಾಕ್ಟರು ನರದ ಮಾತ್ರೆ ಕೊಟ್ಟಿದ್ದರು. ಹಾಗಾಗಿ “ನಲ್ಲಿ ಮುಟ್ಟಿದ್ರೆ ಜುಮ್ ಅನ್ನುತ್ತೆ ಕಣೇ” ಎಂದು ಅವರು ಹೇಳತೊಡಗಿದಾಗ ಮನೆಯವರ ಕಿವಿಗೆ ಅದು ಹಳೇ ರಾಗವಾಗಿಯೇ ಬಿದ್ದಿತ್ತು.

“ಮಾತ್ರೆ ತಗೊಂಡ್ರಾ ಅತ್ತೆ?”

“ತಗೊಂಡೆ ತಾಯಿ. ಅದು ಬೇರೆ ಜುಮ್ಮು, ಇದು ಬೇರೆ ಜುಮ್ಮು.”

“ಜುಮ್ಮಲ್ಲೂ ತರಾವರಿ ಇದೆಯೇನಮ್ಮಾ?” ಎಂದು ಮಗ ಪೇಪರಿನಿಂದ ತಲೆಯೆತ್ತದೆ ನಗುತ್ತಿದ್ದ. “ನನಗೂ ಅರ್ಧ ಕೆಜಿ ಕಟ್ಟಿಕೊಡು.” ಮೊಮ್ಮಗಳಂತೂ ಜುಮ್ಮಜ್ಜಿ ಎಂದೇ ಹೆಸರಿಟ್ಟಿದ್ದಳು. ಅತ್ತೆಯೂ ನಗುತ್ತಿದ್ದರು. ನಕ್ಕು, ಟವೆಲಿನ ತುದಿ ಸುತ್ತಿ ನಲ್ಲಿ ತಿರುಗಿಸುವುದನ್ನು ಕಲಿತುಕೊಂಡಿದ್ದರು.

ಹಾಗೆಂದು ಸೊಸೆ ಕೇಳಿಯೂ ಕೇಳದಂತೆ ಇದ್ದವಳಲ್ಲ. ಅತ್ತೆ ಹೇಳಿದಾಗಲೆಲ್ಲ ಕೈಯಲ್ಲಿದ್ದ ಕೆಲಸ ಬಿಟ್ಟು ಬಚ್ಚಲುಮನೆಗೆ ಬಂದು, ಅವರ ಕಣ್ಣೆದುರೇ ನಲ್ಲಿಯನ್ನು ಗಟ್ಟಿಯಾಗಿ ಹಿಡಿದು ತೋರಿಸುತ್ತಿದ್ದಳು. “ನೋಡಿ ಅತ್ತೆ, ಏನೂ ಇಲ್ಲ.” ಅತ್ತೆ ಪೆಚ್ಚಾಗಿ ತಮ್ಮ ಅಂಗೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದರು, ಸುಳ್ಳು ಹೇಳಿದ್ದು ಅದೇ ಎಂಬಂತೆ.

ಕೊನೆಯ ದಿನ ಅವರು ಆ ನಲ್ಲಿಯ ಕೆಳಗೇ ಬಿದ್ದಿದ್ದರು. ನೀರು ಸುರಿಯುತ್ತಲೇ ಇತ್ತು, ಗೀಸರಿನ ದೀಪ ಉರಿಯುತ್ತಲೇ ಇತ್ತು. ಕರೆಂಟು ದಂಡ ಎಂದು ರೂಢಿಯ ಕೈ ತಾನಾಗಿ ಹೋಗಿ ಗೀಸರ್ ಆರಿಸಿತ್ತು; ಆಮೇಲಷ್ಟೇ ಸೊಸೆ ಅತ್ತೆಯ ತಲೆ ಎತ್ತಿ ತೊಡೆಯ ಮೇಲಿಟ್ಟುಕೊಂಡಿದ್ದು. ಸಕ್ಕರೆ ಇರುವವರ ಹೃದಯ ಹೀಗೆಯೇ, ಸದ್ದಿಲ್ಲದೆ ನಿಂತುಬಿಡುತ್ತದೆ ಎಂದಿದ್ದರು ಡಾಕ್ಟರು. ಇರಬಹುದು ಎಂದು ಎಲ್ಲರೂ ತಲೆಯಾಡಿಸಿದ್ದರು.

“ನಾನು ಎಷ್ಟೋ ಸಲ ಹಿಡಿದಿದೀನಲ್ಲ,” ಎಂದಳು ಸೊಸೆ. “ನನಗೇನೂ ಆಗಿಲ್ವಲ್ಲ?”

ಮಿಂಚಣ್ಣ ಅವಳ ಕಾಲಿನ ಕಡೆ ನೋಡಿದ. ನೀಲಿ ಪಟ್ಟಿಯ ರಬ್ಬರ್ ಚಪ್ಪಲಿ. “ಇದು ಹಾಕ್ಕೊಂಡೇ ತಾನೆ?”

“ಹೂಂ. ನೆಲ ಜಾರುತ್ತೆ ಅಂತ ನಾವೆಲ್ಲ ಹಾಕ್ಕೊಳ್ತೀವಿ.”

“ಹಂಗಾದ್ರೆ ಈ ಚಪ್ಪಲಿ ಪಾದಕ್ಕೆ ಕೈ ಮುಗೀರಿ ಅಕ್ಕ, ನಿಮ್ಮನ್ನೆಲ್ಲ ಉಳಿಸಿರೋದು ಇದೇ. ಬರಿಗಾಲಲ್ಲಿ ಒದ್ದೆ ನೆಲದ ಮೇಲೆ ನಿಂತವರಿಗೇ ಇದರ ರುಚಿ ಗೊತ್ತಾಗೋದು.”

ಅತ್ತೆ ಚಪ್ಪಲಿ ಹಾಕುತ್ತಿರಲಿಲ್ಲ. ಹಾಕಿದರೆ ನೆಲ ಕಾಲಿಗೆ ಸಿಗಲ್ಲ ಕಣೇ, ಎಲ್ಲಿ ಹೆಜ್ಜೆ ಇಡ್ತಿದೀನೋ ತಿಳಿಯಲ್ಲ ಎನ್ನುತ್ತಿದ್ದರು.

“ಅರ್ತಿಂಗಿಗೆ ಗುಂಡಿ ತೋಡಬೇಕು, ಹಿತ್ತಲಲ್ಲಿ ಜಾಗ ನೋಡ್ತೀನಿ,” ಮಿಂಚಣ್ಣ ಎದ್ದ. “ಟ್ರಿಪ್ ಆಗೋ ಸ್ವಿಚ್ಚೂ ಒಂದು ಹಾಕಿಬಿಡೋಣ. ಚೂರು ಸೋರಿದ್ರೂ ತಾನೇ ಕಡಿದು ಹಾಕುತ್ತೆ. ಯಜಮಾನ್ರಿಗೆ ನೀವೇ ಹೇಳ್ತೀರೋ, ನಾನು ಹೇಳ್ಲೋ?”

“ನಾನೇ ಹೇಳ್ತೀನಿ.”

“ಈಗ ಭಯ ಇಲ್ಲ, ಮೇನ್ ಇಳಿಸಿದೀನಿ. ಸದ್ಯಕ್ಕೆ ಈ ನಲ್ಲಿ ಬರೀ ಹಿತ್ತಾಳೆ,” ಎನ್ನುತ್ತ ಮಿಂಚಣ್ಣ ಹಿತ್ತಲಿಗೆ ಹೋದ.

ಗಂಡನಿಗೆ ಈಗ ಅಮ್ಮನೆಂದರೆ ಆ ಜುಮ್ಮಿನ ಮಾತೇ. ಯಾರೇ ಬರಲಿ, ‘ಇದು ಬೇರೆ ಜುಮ್ಮು’ ಎಂದು ಅಮ್ಮನ ದನಿಯಲ್ಲೇ ಹೇಳಿ ನಗಿಸುತ್ತಾನೆ. ಅವರು ನಗುವಾಗ ತಾನು ಅತ್ತ ತಿರುಗಿ ಕಣ್ಣೊರೆಸಿಕೊಳ್ಳುತ್ತಾನೆ.

ಸೊಸೆ ಬಾಗಿಲಲ್ಲೇ ಚಪ್ಪಲಿ ಬಿಟ್ಟಳು. ಒದ್ದೆ ನೆಲ ಅಂಗಾಲಿಗೆ ತಣ್ಣಗೆ ಅಂಟಿತು. ಸ್ಟೂಲು ಇರುತ್ತಿದ್ದ ಮೂಲೆಗೆ ಹೋಗಿ, ಎರಡೂ ಕೈಯಲ್ಲಿ ನಲ್ಲಿಯನ್ನು ಹಿಡಿದು ನಿಂತಳು.

“ಏನಂತೆ ಅವನದು?” ಹಜಾರದಿಂದ ಗಂಡನ ದನಿ ಬಂತು. “ಕರೆಂಟ್ ತೆಗೆದು ಎಷ್ಟೊತ್ತಾಯ್ತು! ಏನಾದ್ರೂ ತೊಂದರೆ ಇದೆಯಾ ಅಲ್ಲಿ?”

ಅವಳು ಇನ್ನಷ್ಟು ಬಿಗಿಯಾಗಿ ಹಿಡಿದಳು.

“ಏನೂ ಇಲ್ಲ,” ಎಂದಳು.