ಗಾಳಿಯ ವಾಲ್ವ್

"ಬ್ಯಾಕ್ಟೀರಿಯಾ ಚೆನ್ನಾಗಿ ಬೆಳೀತಾ ಉಂಟು. ಅಲ್ವಾ ಶ್ರೀವಾಣಿ?" ಸಂಶೋಧನೆಗೆ ಹಣ ಕೊಡಲು ಮಣಿಪಾಲದ ಲ್ಯಾಬಿಗೆ ಬಂದ ಕಂಪನಿಯವರೆದುರು ಅವಳ ಪಿಎಚ್‌ಡಿ ಗೈಡ್ ಅನಂತೇಶ ನಕ್ಕರು.

ಶ್ರೀವಾಣಿಗೆ ಮೈಯೆಲ್ಲ ಉರಿಯಿತು. ಹಬೆಯಲ್ಲಿ ಕ್ರಿಮಿ ಕೊಲ್ಲುವ ಆಟೋಕ್ಲೇವಿನಿಂದ ಆಗಷ್ಟೇ ತೆಗೆದ ಸಕ್ಕರೆ ದ್ರಾವಣ ಆರಲಿ ಸರ್ ಎಂದು ಬೆಳಿಗ್ಗೆ ಅವಳು ಬೇಡಿಕೊಂಡಿದ್ದಳು. ಕಂಪನಿಯವರು ಬರುವ ಹೊತ್ತಾಯ್ತು ಎಂದು ಕುದಿಯುವುದನ್ನೇ ಬ್ಯಾಕ್ಟೀರಿಯಾ ಬೆಳೆಯುತ್ತಿದ್ದ ಫರ್ಮೆಂಟರಿಗೆ ಸುರಿದವರು ಇವರು. ಈಗ ಸುಳ್ಳಿಗೆ ಅವಳ ಸಾಕ್ಷಿಯೂ ಬೇಕು.

ಅವಳು ಫರ್ಮೆಂಟರಿಗೆ ಗಾಳಿ ಬಿಡುವ ವಾಲ್ವ್ ಮುಚ್ಚಿದಳು. "ಜೀವ ಇದ್ದರೆ ಅವು ಉಸಿರಾಡಿ ಒಳಗಿನ ಆಮ್ಲಜನಕ ಈಗ ಇಳಿಯಬೇಕು," ಎಂದಳು ಕಂಪನಿಯವರಿಗೆ. ಎಲ್ಲರೂ ಪರದೆ ನೋಡಿದರು. ಆಮ್ಲಜನಕದ ಅಂಕಿ ಕದಲಲಿಲ್ಲ.

"ಎಂತ ಮಾರಾಯ್ತಿ ಇದು? ಗಾಳಿ ಬಿಡು, ಸತ್ತು ಹೋಗ್ತವೆ." ಅನಂತೇಶರ ಕೈ ವಾಲ್ವಿನತ್ತ ಬಂತು.

ಶ್ರೀವಾಣಿ ಹಿಡಿತ ಸಡಿಲಿಸಲಿಲ್ಲ. "ಸಾಯಲಿಕ್ಕೆ ಒಂದೂ ಉಳಿದಿಲ್ಲ ಸರ್."