ಗಾಳಿಯ ಸಾಕ್ಷಿ

"ಊದು ಕಂದಾ, ಇನ್ನೂ ಊದು. ಎದೆಯಲ್ಲಿರೋದೆಲ್ಲ ಖಾಲಿಯಾಗ್ಬೇಕು," ಎಂದು ಲ್ಯಾಬಿನಾಕೆ ಚೀಲದ ಕೊಳವೆಯನ್ನು ಹುಡುಗಿಯ ಬಾಯಿಗೆ ಹಿಡಿದಳು. ಗಿಣಿ ಕೆನ್ನೆ ಕೆಂಪಾಗುವಂತೆ ಊದಿದಳು. ಗಿಣಿ ಅಂತ ಹೆಸರು ಬಂದದ್ದು ವಟವಟ ಮಾತಿನಿಂದ. ಈಚೆಗೆ ಹೆಸರು ಮಾತ್ರ ಉಳಿದಿತ್ತು, ಮಾತು ಹಾರಿಹೋಗಿತ್ತು.

ಬೆಂಚಿನ ತುದಿಯಲ್ಲಿ ಕೂತಿದ್ದ ಅಪ್ಪನಿಗೆ ಇದೆಲ್ಲ ಮಕ್ಕಳಾಟದಂತೆ ಕಂಡಿತು. ಪಂಕ್ಚರ್ ಅಂಗಡಿಯವನು ಅವನು, ಬೆಳಗಾದರೆ ಗಾಳಿಯದೇ ವ್ಯಾಪಾರ. ಆದರೂ ಹೊಟ್ಟೆನೋವಿಗೂ ಚೀಲ ಊದುವುದಕ್ಕೂ ಏನು ನಂಟು ಅಂತ ತಲೆಗೆ ಹೋಗಲಿಲ್ಲ. ಸ್ಕ್ಯಾನ್ ಮಾಡಿಸಿದ್ದಾಗಿತ್ತು, ರಕ್ತ ಕೊಟ್ಟದ್ದಾಗಿತ್ತು. ಹೋದಲ್ಲೆಲ್ಲ ಒಂದೇ ಮಾತು: ಏನೂ ಇಲ್ಲ. ಅಜ್ಜಿ ಮೊಮ್ಮಗಳಿಗೆ 'ಹೊಟ್ಟೆನೋವಿನ ಮಹಾರಾಣಿ' ಅಂತ ಬಿರುದು ಕೊಟ್ಟಿದ್ದಳು. 'ಗಣಿತದ ಪೀರಿಯಡ್ಡಿಗೇ ಯಾಕೆ ಬರುತ್ತೆ ಈ ನೋವು?' ಅಂತ ಟೀಚರ್ ಕೇಳಿದ್ದರು. ಅವನೂ ಒಂದು ದಿನ ರೇಗಿ, 'ಸಾಕು ಮಾಡೇ ನಿನ್ನ ನಾಟಕ' ಎಂದುಬಿಟ್ಟಿದ್ದ. ಅಂದಿನಿಂದ ಗಿಣಿ ನೋವಿನ ಸುದ್ದಿಯೇ ಎತ್ತಲಿಲ್ಲ. ಅಂತೂ ವಾಸಿಯಾಯಿತಲ್ಲ ಎಂದು ಮನೆಯವರೆಲ್ಲ ಹಗುರಾದರು. ಮೊನ್ನೆ ಶಾಲೆಯ ಶೌಚಾಲಯದಲ್ಲಿ ಮೊಣಕಾಲು ಎದೆಗವಚಿಕೊಂಡು ನೆಲದ ಮೇಲೆ ಬಿದ್ದಿದ್ದವಳನ್ನು ಆಯಾ ಎತ್ತಿಕೊಂಡು ಮನೆಗೆ ತಂದಾಗಲೇ ಗೊತ್ತಾದದ್ದು, ನಿಂತದ್ದು ನೋವಲ್ಲ, ಬಾಯಿ ಅಂತ.

"ಸರಿ, ಈಗ ಈ ಸಕ್ಕರೆ ನೀರು ಕುಡಿ. ಆಗಾಗ ಕರೀತೀನಿ, ಬಂದು ಊದು," ಎಂದಳು ಲ್ಯಾಬಿನಾಕೆ. ಖಾಲಿ ಹೊಟ್ಟೆಯಲ್ಲಿದ್ದ ಗಿಣಿ ಗಟಗಟ ಕುಡಿದು ಅಪ್ಪನ ಪಕ್ಕ ಬಂದು ಕೂತಳು.

"ಅಪ್ಪಾ, ಇದ್ರಲ್ಲೂ ಏನೂ ಇಲ್ಲ ಅಂತ ಬಂದ್ರೆ?"

"ಬಂದ್ರೆ ಒಳ್ಳೇದೇ ಅಲ್ವೇನೇ?"

"ನಿಂಗೆ ಒಳ್ಳೇದು," ಎಂದು ಗಿಣಿ ಗೋಡೆ ಕಡೆ ತಿರುಗಿದಳು.

ಒಂದೆರಡು ಸಲ ಊದಿ ಬರುವಷ್ಟರಲ್ಲಿ ಅವಳ ತುಟಿ ಬಿಳಿಚಿತು. ಎರಡೂ ಕೈ ಹೊಟ್ಟೆಯ ಮೇಲೆ ಬಂದವು. ಆದರೆ ಒತ್ತಿ ಹಿಡಿಯಲಿಲ್ಲ, ಫೋಟೋಗೆ ಕೂತವರ ಹಾಗೆ ಸುಮ್ಮನೆ ಇಟ್ಟುಕೊಂಡಳು. ಲ್ಯಾಬಿನಾಕೆ ಬಗ್ಗಿ ನೋಡಿದಳು. "ಏನು ಕಂದಾ, ನೋವು ಬಂತಾ?"

ಗಿಣಿ ಮೊದಲು ಅಪ್ಪನ ಮುಖ ನೋಡಿದಳು. ಆಮೇಲೆ, "ಇಲ್ಲ ಆಂಟಿ," ಎಂದಳು.

"ನೀನು ಇಲ್ಲ ಅಂತೀಯ, ನಿನ್ನ ಗಾಳಿ ಬೇರೆಯೇ ಹೇಳ್ತಿದೆಯಲ್ಲೇ!" ಲ್ಯಾಬಿನಾಕೆ ಚೀಲದ ಗಾಳಿ ಅಳೆಯುವ ಯಂತ್ರದತ್ತ ಬೆರಳು ತೋರಿಸಿದಳು. ಅಲ್ಲಿಯವರೆಗೆ ಸೋಮಾರಿಯಂತೆ ಬಿದ್ದಿದ್ದ ಅಂಕಿ ಒಮ್ಮೆಗೇ ಮೇಲಕ್ಕೆ ಹಾರಿತ್ತು.

ಅಪ್ಪ ಆ ಅಂಕಿಯನ್ನೇ ನೋಡಿದ. ಎಷ್ಟು ಜನ ಟ್ಯೂಬು ತಂದು, 'ನೋಡಿದ್ರೆ ಏನೂ ಕಾಣಲ್ಲ ಮಾರಾಯ, ಆದ್ರೆ ಗಾಳಿ ನಿಲ್ತಿಲ್ಲ' ಎಂದಿದ್ದರು. ಒಬ್ಬರಿಗಾದರೂ 'ನೀವು ಸುಳ್ಳು ಹೇಳ್ತೀರಿ' ಅಂದಿದ್ದನೇ? ತೊಟ್ಟಿಯ ನೀರಿನಲ್ಲಿ ಅದ್ದಿ, ಗುಳ್ಳೆ ಏಳುವ ತನಕ ಮೆಲ್ಲಗೆ ತಿರುಗಿಸುತ್ತ ಕೂತಿರುತ್ತಿದ್ದ.

ಪರೀಕ್ಷೆ ಮುಗಿದ ಮೇಲೆ ಡಾಕ್ಟರು ಲ್ಯಾಬಿನ ಕಾಗದ ನೋಡಿ ಕನ್ನಡಕ ತೆಗೆದರು. "ನೋಡಪ್ಪಾ, ದೊಡ್ಡ ಕರುಳಲ್ಲಿ ಇರಬೇಕಾದ ಬ್ಯಾಕ್ಟೀರಿಯಾ ಸಣ್ಣ ಕರುಳಲ್ಲಿ ಬಿಡಾರ ಹೂಡಿವೆ. ಇವಳು ತಿಂದದ್ದಕ್ಕೆಲ್ಲ ಇವಳಿಗಿಂತ ಮೊದಲು ಅವೇ ಬಾಯಿ ಹಾಕ್ತವೆ, ಹುಳಿಸಿ ಗಾಳಿ ಎಬ್ಬಿಸ್ತವೆ. ಕರುಳು ಉಬ್ಬಿದ್ರೆ ನೋಯ್ದೆ ಇನ್ನೇನಾಗತ್ತೆ? ಇದು ಸ್ಕ್ಯಾನಿಗೆ ಸಿಗೋ ಕಾಯಿಲೆ ಅಲ್ಲ. ಮಾತ್ರೆ ಬರೀತೀನಿ, ಕಡಿಮೆಯಾಗತ್ತೆ."

"ಹಾಗಾದ್ರೆ ಡಾಕ್ಟ್ರೇ," ಗಿಣಿ ಕುರ್ಚಿಯ ತುದಿಗೆ ಜಾರಿದಳು, "ನಂಗೆ ನಿಜವಾಗ್ಲೂ ಕಾಯಿಲೆನಾ?"

"ನಿಜವಾಗ್ಲೂ."

ಬಹುಮಾನ ಬಂದವಳ ಹಾಗೆ ಅವಳ ಮುಖ ಅರಳಿತು. ಕಾಯಿಲೆ ಇದೆ ಅಂದದ್ದಕ್ಕೆ ಕುಣಿಯುವ ಮಗಳನ್ನು ನೋಡಲಾರದೆ ಅವನು ಮಾತ್ರೆ ಚೀಟಿಯನ್ನು ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ.

ವಾಪಸ್ಸು ಬರುವಾಗ ಬೈಕಿನ ಹಿಂದೆ ಗಿಣಿಗೆ ಮಾತು ಮರಳಿತ್ತು. "ಆ ಚೀಲ ಕೊಟ್ಟಿದ್ರೆ ಅಜ್ಜಿಗೆ ತೋರಿಸ್ತಿದ್ದೆ. ಊದಿ ನೋಡಜ್ಜಿ, ನಿನ್ನ ಹೊಟ್ಟೇಲಿ ಏನಿದೆ ಅಂತ ಗೊತ್ತಾಗತ್ತೆ ಅಂತಿದ್ದೆ." ಅವನು ನಕ್ಕ. ರಸ್ತೆಯ ಉಬ್ಬೊಂದನ್ನು ಹತ್ತಿಳಿದಾಗ ಮಾತು ತಟ್ಟನೆ ನಿಂತಿತು.

"ನೋಯ್ತಿದೆಯಾ ಮರಿ?"

ಬೈಕಿನ ಕನ್ನಡಿಯಲ್ಲಿ ಎರಡು ಕಣ್ಣು ಅವನ ಮುಖವನ್ನು ಹುಡುಕಿದವು. ಹುಡುಕಿ, ಅಳೆದು, ಆಮೇಲೆ ಉತ್ತರ ಬಂತು: "ಇಲ್ಲಪ್ಪಾ."

ಅವನು ಬೈಕನ್ನು ರಸ್ತೆಯ ಪಕ್ಕಕ್ಕೆ ತಂದು ನಿಲ್ಲಿಸಿದ. ಕೈ ಚಾಚಿ ಕನ್ನಡಿಯನ್ನು ಮೇಲಕ್ಕೆ ತಿರುಗಿಸಿದ. ಈಗ ಅದರಲ್ಲಿ ಬರೀ ಆಕಾಶ.

"ಈಗ ಹೇಳು," ಎಂದ, ಹಿಂತಿರುಗಿ ನೋಡದೆ.

ಅವನ ಬೆನ್ನಿಗೆ ಒಂದು ಪುಟ್ಟ ಹಣೆ ಒತ್ತಿತು.

"ತುಂಬಾ ನೋಯ್ತಿದೆ, ಅಪ್ಪಾ."